ಇಂದ್ರಾಣಿಯ ಗೇಟಿನ ಕಂಬ

ನಮ್ಮೂರಲ್ಲಿ ಚಾರ್ಜಿಂಗ್ ಕಂಬಗಳನ್ನು ಯಾರೂ ನೆಡುವುದಿಲ್ಲ, ಅವು ತಾವಾಗಿಯೇ ಹುಟ್ಟುತ್ತವೆ. ಇಂದ್ರಾಣಿಯ ಗೇಟಿನ ಪಕ್ಕ ಹುಟ್ಟಿದ ಕಂಬವನ್ನು ಮೊದಲು ನೋಡಿದವಳು ನಾನೇ. ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲು ಹೊರಗೆ ಬಂದಿದ್ದೆ. ನಮ್ಮಿಬ್ಬರ ಮನೆಗಳ ನಡುವಿನ ಗೋಡೆಯ ಆಚೆ, ಗೋಡೆಯಿಂದ ಒಂದು ಮೊಳ ದೂರದಲ್ಲಿ, ಮಣ್ಣು ಬಿರಿದು ಬೂದು ಬಣ್ಣದ ದುಂಡು ತಲೆಯೊಂದು ಮೇಲೆ ಬಂದಿತ್ತು. ನಾಯಿಕೊಡೆ ಇರಬೇಕು ಅಂದುಕೊಂಡೆ. ಹಾಗೆ ಅಂದುಕೊಳ್ಳುವಾಗಲೇ ಅದು ನಾಯಿಕೊಡೆಯಲ್ಲ ಎಂದು ಗೊತ್ತಿತ್ತು, ಏಕೆಂದರೆ ಅದರ ನೆತ್ತಿಯ ಮೇಲೆ ಸಣ್ಣದೊಂದು ಹಸಿರು ದೀಪ ಮಿಣುಕುತ್ತಿತ್ತು. ಚೆಂಬಿನ ನೀರನ್ನು ಕಾಲ ಮೇಲೆ ಚೆಲ್ಲಿಕೊಂಡು ನಿಂತುಬಿಟ್ಟೆ. ಒಂದೇ ಒಂದು ಮೊಳ. ಗೋಡೆಯ ಈಚೆ ಹುಟ್ಟಿದ್ದರೆ ಅದು ನನ್ನದು.

ನಮ್ಮದು ದೊಡ್ಡ ನಗರದ ಸೆರಗಿಗೆ ಅಂಟಿಕೊಂಡ ಊರು. ಬಡಾವಣೆ ಆದಮೇಲೆ ಬಡಾವಣೆ, ಅದರಾಚೆ ರಿಂಗ್ ರಸ್ತೆ, ಬೆಳಿಗ್ಗೆ ಎಲ್ಲರೂ ನಗರಕ್ಕೆ ಹೋಗುವುದು, ಸಂಜೆ ಎಲ್ಲರೂ ವಾಪಸು ಬರುವುದು. ಪೆಟ್ರೋಲ್ ಬಂಕುಗಳೆಲ್ಲ ಒಂದೊಂದಾಗಿ ಮುಚ್ಚಿ ಕಲ್ಯಾಣಮಂಟಪಗಳಾಗಿ ಬಹಳ ಕಾಲವಾಗಿತ್ತು. ಸ್ಕೂಟರಿನಿಂದ ಹಿಡಿದು ಕಸದ ಗಾಡಿಯವರೆಗೆ ಎಲ್ಲವೂ ಕರೆಂಟಿನ ಗಾಡಿಗಳೇ. ಗಾಡಿಗಳು ಹೆಚ್ಚಿದಷ್ಟು ಬೇಗ ಕಂಬಗಳು ಹುಟ್ಟುತ್ತಿರಲಿಲ್ಲ. ನಗರಸಭೆಯವರು ಬಸ್ ನಿಲ್ದಾಣದ ಮುಂದೆ ತಾವೇ ಒಂದು ಸಾಲು ಕಂಬ ನೆಟ್ಟು, ಬಣ್ಣ ಬಳಿದು, ಟೇಪು ಕತ್ತರಿಸಿ ಉದ್ಘಾಟನೆಯನ್ನೂ ಮಾಡಿದರು. ಅವುಗಳಲ್ಲಿ ಒಂದು ಹನಿ ಕರೆಂಟೂ ಬರಲಿಲ್ಲ. ಈಗ ಅಲ್ಲಿ ಹೂವಿನವರು ಕೊಡೆ ಕಟ್ಟಿಕೊಂಡಿದ್ದಾರೆ. ಸಂಜೆಯಾದರೆ ಜನ ಮೊಬೈಲಿನಲ್ಲಿ ಹಸಿರು ಚುಕ್ಕೆ ಹುಡುಕುತ್ತ ಒಂದು ಕ್ರಾಸಿನಿಂದ ಇನ್ನೊಂದು ಕ್ರಾಸಿಗೆ ಸುತ್ತುತ್ತಿದ್ದರು. ಅಲ್ಲಿಗೆ ಹೋಗಿ ನೋಡಿದರೆ ಮೊದಲೇ ಮೂರು ಕಾರು ನಿಂತಿರುತ್ತಿದ್ದವು. ಬ್ಯಾಟರಿ ಖಾಲಿಯಾದ ಗಾಡಿಯನ್ನು ತಳ್ಳಿಕೊಂಡು ಹೋಗುವುದು ನಮ್ಮೂರಲ್ಲಿ ನಾಚಿಕೆಯ ವಿಷಯವೇ ಅಲ್ಲ.

ಕಂಬಕ್ಕೊಂದು ಕಟ್ಟಳೆ ಇತ್ತು. ಯಾರ ಮನೆಯ ಮುಂದೆ ಹುಟ್ಟುತ್ತದೋ ಆ ಮನೆಯವರು ಬಂದವರಿಗೆ ಆಗಲ್ಲ ಅನ್ನುವಂತಿಲ್ಲ. ಅಂದರೆ ಕಂಬ ಒಣಗುತ್ತದೆ. ಹಿಂದಿನ ಕ್ರಾಸಿನ ಪುಟ್ಟಬುದ್ಧಿ ಅವರ ಮನೆಯ ಮುಂದೆ ಒಳ್ಳೆಯ ಕಂಬವಿತ್ತು. ಮೀನಿನ ಗಾಡಿಯವನು ಬಂದಾಗ, ವಾಸನೆ ಬರುತ್ತೆ, ಆಗಲ್ಲ ಹೋಗಯ್ಯ ಅಂದರು. ಮಾರನೆಯ ದಿನ ಕಂಬ ಕೊಯ್ಲಾದ ಮೇಲಿನ ಜೋಳದ ದಂಟಿನ ಹಾಗೆ ಬಾಗಿತ್ತು. ಇನ್ನೊಂದು ಮಾತನ್ನೂ ಜನ ಹೇಳುತ್ತಿದ್ದರು: ಮನಸ್ಸು ಒಳ್ಳೆಯದಿದ್ದವರ ಮನೆಯ ಮುಂದೆಯೇ ಕಂಬ ಹುಟ್ಟುವುದು ಅಂತ. ಅದಕ್ಕೇ ಮನೆ ಕಟ್ಟಿಸುವವರು ಅಂಗಳಕ್ಕೆಲ್ಲ ಸಿಮೆಂಟು ಹಾಕಿಸಿದರೂ ಗೇಟಿನ ಪಕ್ಕ ಒಂದು ತುಂಡು ಮಣ್ಣನ್ನು ಹಾಗೆಯೇ ಬಿಡುತ್ತಿದ್ದರು. ಹೆಣ್ಣು ನೋಡಲು ಬಂದವರು ಒಳಗೆ ಹೆಜ್ಜೆಯಿಡುವ ಮೊದಲು ಆ ಮಣ್ಣಿನ ಕಡೆ ಒಮ್ಮೆ ಕಣ್ಣು ಹಾಯಿಸುತ್ತಿದ್ದರು.

ನನ್ನ ಮಣ್ಣಿನಲ್ಲಿ ಒಂದು ಕಡ್ಡಿ ಕಸ ಇರುತ್ತಿರಲಿಲ್ಲ. ದಿನಾ ಗುಡಿಸಿ, ನೀರು ಚಿಮುಕಿಸಿ, ಸುತ್ತ ರಂಗೋಲಿಯ ಎಳೆ ಬಿಡುತ್ತಿದ್ದೆ. ಕಂಬ ನನಗೆ ಬರೀ ಹೆಸರಿಗಾಗಿ ಬೇಕಿರಲಿಲ್ಲ. ನಾನು ಹಾಸ್ಟೆಲುಗಳಿಗೆ, ಆಫೀಸುಗಳಿಗೆ ಊಟ ಮಾಡಿ ಕಳಿಸುತ್ತೇನೆ. ನನ್ನ ಗಂಡ ಗುರುಮಲ್ಲು ಅದನ್ನು ಗಾಡಿಯಲ್ಲಿ ಹಾಕಿಕೊಂಡು ಹೋಗಿ ಕೊಟ್ಟುಬರುತ್ತಾರೆ. ಗಾಡಿಯನ್ನು ಚಾರ್ಜಿಗೆ ಹಾಕಲು ಕೆರೆ ಏರಿಯ ಮೇಲಿನ ಕಂಬಕ್ಕೆ ಹೋಗಿ ಸಾಲು ನಿಲ್ಲಬೇಕಿತ್ತು. ಎಷ್ಟೋ ದಿನ ಸಾರು ಆರಿ, ಮುದ್ದೆ ಗಟ್ಟಿಯಾಗಿ, ಫೋನಿನಲ್ಲಿ ಬೈಸಿಕೊಂಡಿದ್ದೇನೆ.

ಇಂದ್ರಾಣಿಯ ಮಣ್ಣಿನಲ್ಲಿ ಏನಿತ್ತು? ಒಡೆದ ಬಕೆಟ್ಟು, ಸವೆದ ಟೈರು, ಯಾವಾಗಲೋ ಎಸೆದ ಸೀಬೆಹಣ್ಣಿನ ಬೀಜದಿಂದ ಎದ್ದ ಒಂದು ಗಿಡ. ಅವಳು ನನ್ನ ವಾರಗಿತ್ತಿ, ಗುರುಮಲ್ಲು ಅವರ ತಮ್ಮ ನಂಜುಂಡನ ಹೆಂಡತಿ. ಅಣ್ಣತಮ್ಮ ಸೇರಿ ಕೊಂಡ ಸೈಟನ್ನು ನಡುವೆ ಗೋಡೆ ಹಾಕಿ ಎರಡು ಮಾಡಿಕೊಂಡಿದ್ದೆವು. ನಂಜುಂಡ ಬೋರ್‌ವೆಲ್ ಲಾರಿಯ ಜೊತೆ ಊರೂರು ತಿರುಗುತ್ತ ಅಪರೂಪಕ್ಕೆ ಮನೆಗೆ ಬರುತ್ತಿದ್ದ. ಮಕ್ಕಳಿರಲಿಲ್ಲ. ಅವಳು ಬಿಸಿಲೇರಿದ ಮೇಲೆ ಏಳುವವಳು, ಮಧ್ಯಾಹ್ನ ವಾರಪತ್ರಿಕೆ ಮುಖದ ಮೇಲೆ ಹಾಕಿಕೊಂಡು ಮಲಗುವವಳು. ನಮ್ಮತ್ತೆ ಹಾಸಿಗೆ ಹಿಡಿದಾಗ ಬಟ್ಟೆ ಬದಲಿಸಿದವಳು, ಗಂಜಿ ಕುಡಿಸಿದವಳು, ಬೆನ್ನಿಗೆ ಪೌಡರ್ ಹಚ್ಚಿದವಳು ನಾನು. ಇವಳು ಸಂಜೆ ಒಂದು ಗಳಿಗೆ ಬಂದು, ಅತ್ತೆಯ ತಲೆ ಬಾಚಿ, ಏನೋ ಹೇಳಿ ನಗಿಸಿ ಹೋಗುತ್ತಿದ್ದಳು. ಕೊನೆಗಾಲದಲ್ಲಿ ಅತ್ತೆ ಕರೆದದ್ದು ಇಂದ್ರಾಣಿಯನ್ನು.

ಆ ಬೆಳಿಗ್ಗೆಯೂ ಅವಳು ಏಳುವ ಹೊತ್ತಿಗೆ ಗೇಟಿನ ಮುಂದೆ ಅರ್ಧ ಬೀದಿ ಸೇರಿತ್ತು. ತಲೆಗೂದಲನ್ನು ಗಂಟು ಹಾಕಿಕೊಳ್ಳುತ್ತ ಹೊರಗೆ ಬಂದವಳು ಕಂಬ ನೋಡಿ, "ಅಯ್ಯೋ, ಇದ್ಯಾಕೆ ಇಲ್ಲಿ ಬಂತು? ದಾರಿ ತಪ್ಪಿರಬೇಕು. ಅಕ್ಕನ ಮನೆಗೆ ಹೋಗ್ತಿತ್ತೇನೋ" ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ನಗುವಾಗ ಹೊಟ್ಟೆಯೊಳಗೆ ಹಸಿಮೆಣಸಿನಕಾಯಿ ಅರೆದ ಹಾಗಾಯಿತು. ಬೇಕೆಂದೇ ಚುಚ್ಚಿದ್ದರೆ ನಾನು ಜಗಳವಾಡಬಹುದಿತ್ತು. ಅವಳು ನಿಜವಾಗಿ ಹಾಗೆಯೇ ಅಂದುಕೊಂಡಿದ್ದಳು.

ಕಂಬ ಸೊಂಟದೆತ್ತರ ಬೆಳೆದು, ಪಕ್ಕದಿಂದ ಕಪ್ಪು ಕೇಬಲ್ಲು ಬಳ್ಳಿಯ ಹಾಗೆ ಇಳಿಬಿಟ್ಟಿತು. ಆಮೇಲೆ ಜನ ಬರತೊಡಗಿದರು. ನಿವೃತ್ತ ಮೇಷ್ಟ್ರು ತಿಪ್ಪೇಸ್ವಾಮಿ ತಮ್ಮ ಸ್ಕೂಟರಿನಲ್ಲಿ, ಹೂವಿನ ಯಶೋದಮ್ಮ ತನ್ನ ಮೂರು ಚಕ್ರದ ಗಾಡಿಯಲ್ಲಿ, ಬ್ಯಾಂಡ್ ಸೆಟ್ಟಿನವರು, ಹಾಲಿನವರು, ಮೂಲೆ ಮನೆಯ ದಂತವೈದ್ಯೆ. ನಮ್ಮೂರಿನ ಕಂಬಗಳಿಗೆ ಅವಸರವಿಲ್ಲ, ಗಾಡಿ ತುಂಬಲು ಹೊತ್ತು ಹಿಡಿಯುತ್ತದೆ. ಅಷ್ಟು ಹೊತ್ತು ಬಂದವರು ಏನು ಮಾಡಬೇಕು? ಇಂದ್ರಾಣಿ ಮೊದಲು ಚಾಪೆ ಹಾಸಿದಳು, ಆಮೇಲೆ ಮುರಿದ ಬೆಂಚೊಂದನ್ನು ಎಲ್ಲಿಂದಲೋ ತರಿಸಿದಳು, ಬಿಸಿಲಿಗೆ ಒಂದು ಶೀಟು ಎಳೆದು ಕಟ್ಟಿಸಿದಳು. ಅವಳ ಜಗಲಿಯಲ್ಲಿ ಊರಿನ ಮಾತೆಲ್ಲ ಸೇರತೊಡಗಿತು. ಯಾರಿಗೆ ಮೈ ಹುಷಾರಿಲ್ಲ, ಯಾವ ಕಾಲೇಜಿನಲ್ಲಿ ಸೀಟು ಸಿಗುತ್ತದೆ, ಯಾರ ಮಗಳಿಗೆ ಯಾರು ಸರಿಹೋಗುತ್ತಾರೆ, ಎಲ್ಲವೂ ಅಲ್ಲಿಯೇ ತೀರ್ಮಾನ. ಬಂದವರು ಬರಿಗೈಲಿ ಬರುತ್ತಿರಲಿಲ್ಲ. ಸೀತಾಫಲ, ಹಲಸಿನ ತೊಳೆ, ಮನೆಯಲ್ಲಿ ಮಾಡಿದ ಚಕ್ಕುಲಿ. ಅದರಲ್ಲಿ ಅರ್ಧವನ್ನು ಅವಳು ಗೋಡೆಯ ಮೇಲಿಂದ ನನಗೇ ಕೊಡುತ್ತಿದ್ದಳು. ಅವು ನನ್ನ ಬಾಯಿಗೆ ಸಪ್ಪೆ.

ನನ್ನ ಗಂಡನೂ ಈಗ ಗಾಡಿಯನ್ನು ಕೆರೆ ಏರಿಗೆ ಒಯ್ಯುತ್ತಿರಲಿಲ್ಲ. ಒಳ್ಳೆಯದೇ ಆಯಿತಲ್ಲ ಎಂದು ನೀವು ಹೇಳಬಹುದು. ಊಟ ಹೊತ್ತಿಗೆ ಸರಿಯಾಗಿ ಹೋಗುತ್ತಿತ್ತು, ಬೈಗುಳ ನಿಂತಿತ್ತು. ಆದರೆ ಮಧ್ಯಾಹ್ನದ ಪಾತ್ರೆ ತಿಕ್ಕುತ್ತ ಕೂತಾಗ ಗೋಡೆಯ ಆಚೆಯಿಂದ ಅವರ ನಗು ಕೇಳಿಸುತ್ತಿತ್ತು. ಗುರುಮಲ್ಲು ಮನೆಯಲ್ಲಿ ಮಾತನಾಡುವವರಲ್ಲ. ಉಪ್ಪು ಬೇಕಾದರೂ ತಟ್ಟೆಯ ಕಡೆ ಬೆರಳು ತೋರಿಸುತ್ತಾರೆ, ಅಷ್ಟೇ. ಆ ಮನುಷ್ಯ ಒಂದು ದಿನ ಅಲ್ಲಿ ಕೂತು, ತಾವು ಚಿಕ್ಕವರಿದ್ದಾಗ ಕಪ್ಪೆಗೆ ಹೆದರಿ ಶಾಲೆಯ ಬಾವಿಕಟ್ಟೆ ಹತ್ತಿ, ಹೊತ್ತು ಮುಳುಗುವವರೆಗೂ ಇಳಿಯದೆ ಕೂತಿದ್ದ ಕಥೆ ಹೇಳುತ್ತಿದ್ದರು. ದನಿ ಬದಲಿಸಿ, ಕಪ್ಪೆಯ ಹಾಗೆ ಕೂಗಿ ತೋರಿಸಿ ಹೇಳಿದರು. ಇಂದ್ರಾಣಿ, "ಸಾಕು ಭಾವ, ಹೊಟ್ಟೆ ನೋಯ್ತಿದೆ" ಎಂದು ನಗುತ್ತಿದ್ದಳು. ನಾನು ತಿಕ್ಕುತ್ತಿದ್ದ ತಪ್ಪಲೆಯನ್ನು ಕೆಳಗಿಟ್ಟೆ. ಮದುವೆಯಾಗಿ ಇಷ್ಟು ವರ್ಷವಾದರೂ ಆ ಕಥೆ ನನ್ನ ಕಿವಿಗೆ ಬಿದ್ದಿರಲಿಲ್ಲ.

ರಾತ್ರಿ ಊಟಕ್ಕೆ ಬಡಿಸುತ್ತ ಕೇಳಿದೆ. "ನೀವು ಕಪ್ಪೆಗೆ ಹೆದರ್ತಿದ್ರಾ?"

"ಯಾರು ಹೇಳಿದ್ದು?"

"ಗೋಡೆ."

ಅವರು ತುತ್ತು ನುಂಗಿ, "ಚಿಕ್ಕೋನಿದ್ದಾಗ" ಎಂದರು. ಸ್ವಲ್ಪ ಹೊತ್ತು ಕಾದೆ. ಸಾರಿನ ಕಡೆ ಬೆರಳು ತೋರಿಸಿದರು. ಬಡಿಸಿದೆ.

ಗಂಡನ ಮೇಲೆ ಕೆಟ್ಟ ಅನುಮಾನವೇನೂ ನನಗಿರಲಿಲ್ಲ. ಅನುಮಾನಕ್ಕೆ ಜಾಗವಿದ್ದಿದ್ದರೆ ವಾಸಿಯಿತ್ತು. ಅಲ್ಲಿ ನಡೆಯುತ್ತಿದ್ದದ್ದೆಲ್ಲ ನಡುಬೀದಿಯಲ್ಲಿ, ಹತ್ತು ಜನರ ಮುಂದೆ. ನನಗೆ ಸಿಗದಿದ್ದದ್ದೊಂದು ಅವಳಿಗೆ ಕೇಳದೆಯೇ ಸಿಗುತ್ತಿತ್ತು, ಅದಕ್ಕೆ ಏನೆಂದು ದೂರುವುದು? ಯಾರ ಹತ್ತಿರ ದೂರುವುದು?

ಆಗ ನನಗೊಂದು ಆಸೆ ಹುಟ್ಟಿತು. ಅವಳ ಬಾಯಿಂದ ಒಮ್ಮೆ ಆಗಲ್ಲ ಅನ್ನಿಸಬೇಕು. ಗಂಡ ಗಾಡಿ ಬಿಟ್ಟು ಬಂದ ಹೊತ್ತಿನಲ್ಲಿ ನಾನೇ ಅದನ್ನು ತೆಗೆದುಕೊಂಡು ಹೋಗತೊಡಗಿದೆ. ಅವಳು ತಟ್ಟೆಯ ಮುಂದೆ ಕೂತಾಗ ಹೋಗಿ ಹಾರನ್ ಹೊಡೆದೆ. ಎಂಜಲು ಕೈಯಲ್ಲೇ ಬಂದು, "ಹಾಕ್ಕೊಳಿ ಅಕ್ಕ, ಊಟ ಆಯ್ತಾ?" ಎಂದಳು. ಎಣ್ಣೆ ಹಚ್ಚಿಕೊಂಡು ನೀರಿಗೆ ಕೂತ ದಿನ ಹೋದೆ. ಕಣ್ಣಿಗೆ ಸೀಗೆಪುಡಿ ಹೋಗಿ ಒಂದೇ ಕಣ್ಣು ತೆರೆದುಕೊಂಡು, ಒದ್ದೆ ಸೀರೆ ಸುತ್ತಿಕೊಂಡು, ಬಾಗಿಲ ಸಂದಿಯಿಂದ, "ಹಾಕ್ಕೊಳಿ ಅಕ್ಕ" ಎಂದಳು. ಗೌರಿ ಹಬ್ಬದ ದಿನ ಪೂಜೆಯ ನಡುವೆ ಹೋದೆ. ಮಂಗಳಾರತಿ ತಟ್ಟೆಯನ್ನು ಅಲ್ಲಿಯೇ ಇಟ್ಟು ಬಂದಳು. ಜ್ವರ ಬಂದಿದೆ ಎಂದು ಗೊತ್ತಿದ್ದೂ ಹೋದೆ. ರಗ್ಗು ಹೊದ್ದು ಗೋಡೆ ಹಿಡಿದುಕೊಂಡು ಬಂದವಳ ಕಣ್ಣಿನ ಸುತ್ತ ಕಪ್ಪು ಕಟ್ಟಿತ್ತು. ನಾನು ಕೇಬಲ್ಲು ಸಿಕ್ಕಿಸಿ, "ಮಾತ್ರೆ ತಗೊಂಡ್ಯಾ?" ಎಂದು ಕೇಳಿದೆ. "ತಗೊಂಡೆ ಅಕ್ಕ. ನೀವು ಬಂದಿದ್ದು ಒಳ್ಳೇದಾಯ್ತು. ಸ್ವಲ್ಪ ಹೊತ್ತು ಕೂತ್ಕೊಳಿ, ಬಂದೋರನ್ನ ನೋಡ್ಕೊಳಿ, ನಾನು ಒಂಚೂರು ಒರಗ್ತೀನಿ" ಎಂದಳು. ಅವಳ ಜಗಲಿಯಲ್ಲಿ ಕೂತೆ. ಬಂದವರೆಲ್ಲ ಕೇಳಿದ್ದು ಒಂದೇ ಮಾತು: "ಇಂದ್ರಮ್ಮ ಇಲ್ವಾ?"

ಆ ನಡುವೆ ನಂಜುಂಡ ಊರಿಗೆ ಬಂದ. ಗಂಡ ಹೆಂಡತಿ ಇಬ್ಬರೂ ಒಂದು ಊಟವನ್ನೂ ಎದ್ದುಹೋಗದೆ ಮುಗಿಸಿದ್ದನ್ನು ನಾನು ನೋಡಲಿಲ್ಲ. ಸಿನಿಮಾಕ್ಕೆಂದು ಸೀರೆ ಉಟ್ಟು ಹೊರಟವಳು ಗೇಟಿನಲ್ಲಿ ಆಂಬುಲೆನ್ಸ್ ನಿಂತದ್ದು ನೋಡಿ ವಾಪಸು ಹೋಗಿ ಸೀರೆ ಬದಲಿಸಿದಳು. ನಂಜುಂಡ ರಜೆ ಮುಗಿಯುವ ಮೊದಲೇ ಲಾರಿಗೆ ಹೊರಟುಹೋದ. ಅವಳು ಸೊರಗುತ್ತಿದ್ದಾಳೆ ಎಂದು ನನಗೆ ಕಾಣುತ್ತಿತ್ತು. ಕಂಡರೂ ಒಳಗಿನ ಉರಿ ಆರಲಿಲ್ಲ. ಇಷ್ಟು ಸುಸ್ತಾದರೂ ಎಲ್ಲರೂ ಅವಳನ್ನೇ ಕೇಳಿಕೊಂಡು ಬರುತ್ತಾರಲ್ಲ, ನಾನು ಇಡೀ ಜನ್ಮ ಸುಸ್ತಾಗಿದ್ದೇನೆ, ನನ್ನನ್ನು ಯಾರು ಕೇಳಿದರು ಅನ್ನಿಸುತ್ತಿತ್ತು.

ಹೀಗಿರುವಾಗ ಒಂದು ಮಧ್ಯಾಹ್ನ ನಾನು ತಾರಸಿಯ ಮೇಲೆ ಒಣಮೆಣಸಿನಕಾಯಿ ಹರವುತ್ತಿದ್ದೆ. ಕೆಳಗೆ ಇಂದ್ರಾಣಿಯ ಜಗಲಿಯಲ್ಲಿ ತಿಪ್ಪೇಸ್ವಾಮಿ ಮೇಷ್ಟ್ರು, ಯಶೋದಮ್ಮ, ಮತ್ತೆ ನನ್ನ ಗಂಡ ಕೂತಿದ್ದರು. ಗಾಡಿ ತುಂಬಿದ್ದರೂ ಮಾತು ಮುಗಿದಿರಲಿಲ್ಲ. ಬಿಳಿಯ ಕಾರೊಂದು ಆಮೆಯ ಹಾಗೆ ತೆವಳುತ್ತ ಬಂದು ಕಂಬದ ಮುಂದೆ ನಿಂತಿತು. ನಿಂತದ್ದಲ್ಲ, ಜೀವ ಬಿಟ್ಟಿತು. ಇಸ್ತ್ರಿ ಮಾಡಿದ ಪಂಚೆ, ಶರಟು ಹಾಕಿದ್ದ ಒಬ್ಬ ಇಳಿದು, "ಅಬ್ಬಾ, ಇಲ್ಲೀವರೆಗೂ ಬಂತಲ್ಲ. ಇಲ್ಲಿ ಯಾರಿಗೂ ಇಲ್ಲ ಅನ್ನಲ್ಲ ಅಂತ ಸರ್ಕಲ್‌ನಲ್ಲಿ ಹೇಳಿದ್ರು" ಎಂದು ಮೇಷ್ಟ್ರಿಗೆ ಹೇಳಿದ.

"ಅದೇನೋ ನಿಜ. ಇದು ಪುಣ್ಯಾತ್ಗಿತ್ತಿ ಮನೆ" ಎಂದರು ಮೇಷ್ಟ್ರು.

ಇಂದ್ರಾಣಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಬಂದವಳು ಹೊಸ್ತಿಲ ಮೇಲೆಯೇ ನಿಂತುಬಿಟ್ಟಳು. ಅವನೂ ಅವಳನ್ನು ನೋಡಿ ಮಾತು ನಿಲ್ಲಿಸಿದ.

ಅವನನ್ನು ನಾನು ಮೊದಲು ಒಮ್ಮೆ ನೋಡಿದ್ದೆ. ಅವನು ಇಂದ್ರಾಣಿಯ ಅಣ್ಣ ವಾಸುದೇವ. ಅವಳು ನಂಜುಂಡನನ್ನು ಇಷ್ಟಪಟ್ಟು ಮದುವೆಯಾದಾಗ, ಜಾತಿ ಬೇರೆ ಎಂದು ತವರಿನವರು ಅವಳ ಹೆಸರೆತ್ತುವುದನ್ನೇ ಬಿಟ್ಟಿದ್ದರು. ಅವಳ ತಾಯಿ ತೀರಿಕೊಂಡ ಸುದ್ದಿ ಯಾರಿಂದಲೋ ತಿಳಿದು, ನಾನೇ ಅವಳನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿದ್ದೆ. ಈ ಮನುಷ್ಯ ಗೇಟಿಗೆ ಅಡ್ಡ ನಿಂತಿದ್ದ. ಒಳಗೆ ಹೆಣ ಮಲಗಿಸಿದ್ದು ಅಂಗಳದಿಂದಲೇ ಕಾಣುತ್ತಿತ್ತು, ಕಾಲಿನ ಹೆಬ್ಬೆರಳಿಗೆ ಕಟ್ಟಿದ ದಾರ ಕೂಡ ಕಾಣುತ್ತಿತ್ತು. ಮುಖ ಮಾತ್ರ ಕಾಣುತ್ತಿರಲಿಲ್ಲ. "ಒಂದು ಸಲ ಮುಖ ನೋಡ್ಕೊಂಡು ಹೋಗ್ಬಿಡ್ತೀನಿ ಅಣ್ಣ" ಎಂದು ಅವಳು ಎಷ್ಟು ಬೇಡಿಕೊಂಡರೂ ಅವನು ಕದಲಲಿಲ್ಲ. "ಯಾರೋ ಬಂದಿದಾರೆ, ಕಳಿಸ್ರೋ" ಎಂದು ಒಳಗಿನವರಿಗೆ ಕೂಗಿ ಹೇಳಿದ. ನಾವು ರಸ್ತೆಯಲ್ಲಿಯೇ ನಿಂತು, ಚಟ್ಟ ಹೊರಟ ಮೇಲೆ ದೂರದಿಂದ ಕೈ ಮುಗಿದು ಬಂದೆವು. ವಾಪಸು ಬರುವಾಗ ಬಸ್ಸಿನಲ್ಲಿ ಅವಳು ನನ್ನ ಹೆಗಲಿಗೆ ತಲೆಯಿಟ್ಟಿದ್ದಳು, ಊರು ಬರುವವರೆಗೂ ಎತ್ತಲಿಲ್ಲ.

ತಾರಸಿಯ ಮೇಲಿಂದ ಅವನನ್ನು ಗುರುತು ಹಿಡಿದ ಕೂಡಲೇ ನನ್ನ ಎದೆ ಹಾರಿತು. ಅದು ಸಿಟ್ಟಲ್ಲ, ಖುಷಿ. ಇವತ್ತು ಅವಳ ಬಾಯಿಂದ ಆ ಮಾತು ಬಂದೇ ಬರುತ್ತದೆ ಅನ್ನಿಸಿತು. ನಾಳೆ ಬೆಳಿಗ್ಗೆ ಆ ಕಂಬ ಬಾಗಿರುತ್ತದೆ, ಶೀಟು ಬಿಚ್ಚುತ್ತಾರೆ, ಬೆಂಚು ಎತ್ತುತ್ತಾರೆ, ಗೋಡೆಯ ಆಚೆಯೂ ಈಚೆಯ ಹಾಗೆಯೇ ಆಗುತ್ತದೆ. ಹೇಳು, ಹೇಳಿಬಿಡು ಎಂದು ಮೆಣಸಿನಕಾಯಿ ಹಿಡಿದ ಮುಷ್ಟಿಯನ್ನು ಬಿಗಿಹಿಡಿದು ನಿಂತೆ.

ಅವಳು ಹೇಳಲಿಲ್ಲ. ಕತ್ತೆತ್ತಿ ತಾರಸಿಯ ಕಡೆ ನೋಡಿದಳು. "ಅಕ್ಕಾ, ಸ್ವಲ್ಪ ಬರ್ತೀರಾ?" ಎಂದಳು. ಅವಳ ದನಿ ಅಷ್ಟು ಸಣ್ಣದಾಗಿದ್ದನ್ನು ನಾನು ಆ ಬಸ್ಸಿನ ದಿನ ಬಿಟ್ಟರೆ ಮತ್ತೆ ಕೇಳಿರಲಿಲ್ಲ.

ಕೈ ಕೂಡ ತೊಳೆಯದೆ ಇಳಿದು ಹೋದೆ. ಅವನಿಗೆ ನನ್ನ ಗುರುತು ಸಿಗಲಿಲ್ಲ. ತಂಗಿಯ ಕಡೆ ನೋಡದೆ ನನಗೆ ಹೇಳಿದ. "ನೋಡಿಮ್ಮ, ಮಗಳ ಮದುವೆ. ಈ ಕಡೆ ನೆಂಟರಿಗೆಲ್ಲ ಕಾರ್ಡ್ ಕೊಡೋದಿದೆ. ಒಂದರ್ಧ ಗಂಟೆ ಚಾರ್ಜ್ ಆದ್ರೆ ಸಾಕು, ಹೊರಟುಬಿಡ್ತೀನಿ."

ಕಾರಿನ ಹಿಂದಿನ ಸೀಟಿನಲ್ಲಿ ಮೂಲೆಗಳಿಗೆ ಅರಿಸಿನ ಹಚ್ಚಿದ ಲಗ್ನಪತ್ರಿಕೆಗಳ ಕಟ್ಟು ಇತ್ತು. ಇಂದ್ರಾಣಿ ಅದನ್ನೇ ನೋಡುತ್ತಿದ್ದಳು. ಅವನು ಅವುಗಳ ಕಡೆ ಕೈ ಚಾಚಲಿಲ್ಲ.

ವಿಷಯ ಏನೆಂದು ತಿಳಿಯದಿದ್ದರೂ ಮೇಷ್ಟ್ರಿಗೆ ಹೆದರಿಕೆಯಾಯಿತು. "ಇಂದ್ರಮ್ಮ, ಏನೇ ಇರ್ಲಿ, ಹಾಕ್ಕೊಳ್ಳಿ ಅಂದ್ಬಿಡಿ. ಹಳೇದೆಲ್ಲ ಈಗ್ಯಾಕೆ?" ಎಂದರು. ಯಶೋದಮ್ಮ ಬುಟ್ಟಿ ಬಿಟ್ಟು ಎದ್ದು ನಿಂತಳು. "ತಾಯಿ, ನನ್ನ ಗಾಡಿ ಇದನ್ನೇ ನಂಬ್ಕೊಂಡಿದೆ." ನನ್ನ ಗಂಡನಿಗೆ ಮಾತ್ರ ಅವನು ಯಾರೆಂದು ಗೊತ್ತಾಗಿತ್ತು.

ಇಂದ್ರಾಣಿ ನನ್ನ ಮೊಣಕೈ ಹಿಡಿದು ಹೊಸ್ತಿಲ ಒಳಗೆ ಎಳೆದುಕೊಂಡಳು.

"ಏನ್ ಮಾಡ್ಲಿ ಅಕ್ಕ?"

"ನಿನ್ ಕೈಲಿ ಆಗುತ್ತಾ?"

"ಇಲ್ಲ. ಅವನು ಅಲ್ಲಿ ಕೂತ್ಕೊಂಡು, ನಾನು ನೀರು ಕೊಟ್ಟು... ಆಗಲ್ಲ ಅಕ್ಕ."

"ಹಾಗಿದ್ರೆ ಅದನ್ನೇ ಹೇಳು."

"ಕಂಬ ಒಣಗುತ್ತೆ."

"ಒಣಗ್ಲಿ."

ಅವಳು ನನ್ನ ಮುಖವನ್ನೇ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದನ್ನು ಈಗಲೂ ಬೇಕಾದರೆ ಆಣೆ ಮಾಡಿ ಹೇಳುತ್ತೇನೆ. "ನಿಮಗೆ ಅದು ಒಣಗ್ಲಿ ಅಂತಾನೇ ಇದೆ, ಅಲ್ವಾ ಅಕ್ಕ? ಮೊದಲ್ನಿಂದ್ಲೂ."

ಎಂಜಲು ಕೈ, ಸೀಗೆಪುಡಿ, ಮಂಗಳಾರತಿ, ಜ್ವರ. ಎಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದೇ ಬಾಗಿಲು ತೆಗೆದಿದ್ದಳು.

"ಹೂಂ, ಇದೆ" ಎಂದೆ. "ಆದ್ರೂ ಹೇಳು."

ಅವಳಿಗೆ ನಗು ಬಂತು. ಅಂಥ ಹೊತ್ತಿನಲ್ಲಿ ಹೇಗೆ ಬಂತೋ, ಬಂತು. ಮೂಗು ಒರೆಸಿಕೊಂಡು ಹೊರಗೆ ಹೋದಳು. ನಾನು ಅವಳ ಹಿಂದೆ ನಿಂತೆ.

"ಅಣ್ಣ, ಆಗಲ್ಲ" ಎಂದಳು.

"ಏನು?"

"ನಿನ್ನ ಗಾಡಿಗೆ ಇಲ್ಲಿ ಆಗಲ್ಲ. ಬೇರೆ ಕಡೆ ನೋಡ್ಕೋ."

ಅವನು ಮೇಷ್ಟ್ರನ್ನು ನೋಡಿದ, ಯಶೋದಮ್ಮನನ್ನು ನೋಡಿದ. ಸಹಾಯಕ್ಕೆ ಯಾರಾದರೂ ಬರುತ್ತಾರೆ ಅಂದುಕೊಂಡಿರಬೇಕು. "ಇಷ್ಟು ವರ್ಷ ಆದ್ರೂ ಬುದ್ಧಿ ಬಂದಿಲ್ಲ ನಿನಗೆ" ಎಂದ. ಆ 'ಏನು' ಬಿಟ್ಟರೆ ತಂಗಿಯ ಜೊತೆ ಅವನು ಆಡಿದ್ದು ಅದೊಂದೇ ಮಾತು. ಆಮೇಲೆ ಕಾರಿನ ಬಾಗಿಲು ತೆಗೆದು ಸ್ಟೀರಿಂಗ್ ಹಿಡಿದು ತಳ್ಳತೊಡಗಿದ. ಅದು ಕದಲಲಿಲ್ಲ. ನನ್ನ ಗಂಡ ಹೋಗಿ ಹಿಂದಿನಿಂದ ಕೈ ಕೊಟ್ಟರು, ಮೇಷ್ಟ್ರೂ ಕೈ ಕೊಟ್ಟರು. ಕಾರು ಬೀದಿಯ ತಿರುವು ದಾಟುವವರೆಗೂ ಇಂದ್ರಾಣಿ ಗೇಟಿನಲ್ಲಿ ನಿಂತಿದ್ದಳು. ಕಂಬದ ತಲೆಯ ಹಸಿರು ದೀಪ ಆಗಲೇ ಮಂಕಾಗಿತ್ತು. ಯಶೋದಮ್ಮ ಅದನ್ನು ಸೆರಗಿನಿಂದ ಒರೆಸಿ ನೋಡಿದಳು. ಸಂಜೆಯ ಹೊತ್ತಿಗೆ ಅದು ಪೂರ್ತಿ ಆರಿತು. ಕೇಬಲ್ಲು ಒಣಗಿದ ಪಡವಲದ ಬಳ್ಳಿಯಂತೆ ಮುಟ್ಟಿದರೆ ಪುಡಿಯಾಗುತ್ತಿತ್ತು.

ಆಮೇಲೆ ಊರು ಸುಮ್ಮನಿರಲಿಲ್ಲ. ಒಬ್ಬ ಮನುಷ್ಯನಿಗೆ ಅರ್ಧ ಗಂಟೆ ಕರೆಂಟು ಕೊಟ್ಟಿದ್ದರೆ ಇವಳ ಗಂಟೇನು ಹೋಗುತ್ತಿತ್ತು ಎಂದರು. ಜಗಲಿಯಲ್ಲಿ ಕೂತು ಚಕ್ಕುಲಿ ತಿಂದವರೇ, ಅವಳಿಗೆ ಮೊದಲಿನಿಂದಲೂ ಜಂಬ ಎಂದರು. ಹಾದುಹೋಗುವವರು ಮುಖ ಆಚೆ ತಿರುಗಿಸಿಕೊಂಡು ಹೋದರು. ಕಾರಣ ಏನೆಂದು ಅವಳು ಯಾರಿಗೂ ಹೇಳಲಿಲ್ಲ, ನೀವೂ ಹೇಳಬೇಡಿ ಎಂದು ನನಗೆ ಅಂದಳು. ಹಾಗಾಗಿ ಊರೇ ಒಂದು ಕಾರಣ ಕಟ್ಟಿಕೊಂಡಿತು: ವಾರಗಿತ್ತಿ ಕಿವಿಯಲ್ಲಿ ಏನೋ ಊದಿದಳು, ಹೊಟ್ಟೆಕಿಚ್ಚಿಗೆ ಕಂಬ ಸುಟ್ಟುಹೋಯಿತು ಅಂತ. ಕೆರೆ ಏರಿಯ ಸಾಲಿನಲ್ಲಿ ನನ್ನೆದುರಿಗೇ ಹೀಗೆ ಅಂದರು. ಅದು ಅರ್ಧ ನಿಜವಾದ್ದರಿಂದ ನಾನು ವಾದಿಸಲಿಲ್ಲ. ಆದರೆ ಬ್ಯಾಂಡ್ ಸೆಟ್ಟಿನವನೊಬ್ಬ ಇಂದ್ರಾಣಿಯ ನಡತೆಯ ಬಗ್ಗೆ ಏನೋ ಸೇರಿಸಿ ನಕ್ಕಾಗ, ಗಾಡಿಯಿಂದ ಸಾರಿನ ಸೌಟು ತೆಗೆದುಕೊಂಡು ಇಳಿದೆ. ಹೊಡೆಯಲಿಲ್ಲ. ಅವನು ಮಾತ್ರ ಆಮೇಲೆ ನಾನಿದ್ದ ಸಾಲಿನಲ್ಲಿ ನಿಲ್ಲಲಿಲ್ಲ.

ಮತ್ತೆ ಸಾರು ಆರಿತು, ಮತ್ತೆ ಫೋನಿನಲ್ಲಿ ಬೈಗುಳ ಶುರುವಾಯಿತು. ನನ್ನ ಗಂಡ ಅದನ್ನು ಎತ್ತಿ ಆಡಲಿಲ್ಲ. ಒಂದು ದಿನ ಮಾತ್ರ ಚಪ್ಪಲಿ ಹಾಕಿಕೊಳ್ಳುತ್ತ, "ಆ ಹೊತ್ತು ಇನ್ಯಾರಿದ್ರೂ ಕೊಟ್ಬಿಡು ಅಂತಿದ್ರು. ನೀನು ಅನ್ನಲಿಲ್ಲ" ಎಂದರು. ಹೊಗಳಿದರೋ ತೆಗಳಿದರೋ ತಿಳಿಯಲಿಲ್ಲ. ಕೇಳಬೇಕೆನ್ನುವಷ್ಟರಲ್ಲಿ ಗಾಡಿ ಹೊರಟಿತ್ತು.

ನಾನು ಬಯಸಿದ್ದೆಲ್ಲ ಆಗಿತ್ತು. ಗೋಡೆಯ ಆಚೆ ನಗು ಇರಲಿಲ್ಲ, ಬೆಂಚಿನ ಮೇಲೆ ಕಾಗೆ ಕೂರುತ್ತಿತ್ತು. ಇನ್ನು ನನ್ನ ಹೊಟ್ಟೆ ತಣ್ಣಗಾಗಬೇಕಿತ್ತು. ಒಂದಷ್ಟು ದಿನ ತಣ್ಣಗೂ ಇತ್ತು. ಊರು ಮಾತು ಬಿಟ್ಟದ್ದಕ್ಕೆ ಇಂದ್ರಾಣಿ ಅಳುತ್ತ ಕೂತಿರಬಹುದು, ಹೋಗಿ ಸಮಾಧಾನ ಮಾಡೋಣ ಎಂದು ಒಂದು ಮಧ್ಯಾಹ್ನ ಬಟ್ಟಲಲ್ಲಿ ಅವರೆಕಾಳು ಹುಳಿ ಹಾಕಿಕೊಂಡು ಹೋದೆ. ಸಮಾಧಾನ ಮಾಡುವವಳು ನಾನಾಗುತ್ತೇನೆ ಅನ್ನುವುದೇ ನನಗೆ ಹಿತವಾಗಿತ್ತು.

ಬಾಗಿಲು ಮುಚ್ಚಿತ್ತು. ತಟ್ಟಿದೆ. ಕಿಟಕಿಯಿಂದ ನೋಡಿದರೆ ಅವಳು ನೆಲದ ಮೇಲೆ, ಫ್ಯಾನಿನ ಕೆಳಗೆ, ಕೈಕಾಲು ಚಾಚಿ ಮಲಗಿದ್ದಳು. ಕಣ್ಣಿನ ಸುತ್ತಲಿನ ಕಪ್ಪು ಹೋಗಿತ್ತು. ಕೆನ್ನೆ ತುಂಬಿತ್ತು.

"ಇಂದ್ರಾಣಿ, ನಾನು ಕಣೇ. ಹುಳಿ ತಂದಿದೀನಿ, ಬಾಗಿಲು ತೆಗಿ."

ಅವಳು ಕಣ್ಣು ತೆರೆಯದೆಯೇ ಮಗ್ಗುಲಾದಳು. "ಈಗ ಆಗಲ್ಲ ಅಕ್ಕ, ನಿದ್ದೆ ಬರ್ತಿದೆ. ಆಮೇಲೆ ಬನ್ನಿ" ಎಂದಳು.

ಮುನಿಸಿಲ್ಲ, ಸಂಕೋಚವಿಲ್ಲ, ಸೆಕೆ ಆಗ್ತಿದೆ ಅನ್ನುವ ಹಾಗೆ ಹೇಳಿದಳು. ಹೇಳಿ, ನಾನು ಇನ್ನೂ ಕಿಟಕಿಯಲ್ಲಿ ನಿಂತಿರುವಾಗಲೇ ನಿದ್ದೆ ಹೋದಳು. ಬಿಸಿ ಬಟ್ಟಲು ಹಿಡಿದುಕೊಂಡು ನಿಂತೇ ಇದ್ದೆ. ಕಂಬ ಹುಟ್ಟಿದ ಬೆಳಿಗ್ಗೆ ಕೂಡ ನನಗೆ ಅಷ್ಟು ಉರಿದಿರಲಿಲ್ಲ.

ಮನೆಗೆ ಬಂದಾಗ ಫೋನು ಹೊಡೆದುಕೊಳ್ಳುತ್ತಿತ್ತು. ಹಾಸ್ಟೆಲಿನವರು. ಇವತ್ತು ಹುಡುಗರು ಜಾಸ್ತಿ ಇದ್ದಾರಂತೆ, ಸಂಜೆಗೆ ಇನ್ನೂ ನೂರು ಚಪಾತಿ ಬೇಕಂತೆ, ಆಗುತ್ತಾ ಎಂದರು. ಸೊಂಟ ನೋಯುತ್ತಿತ್ತು, ಹಿಟ್ಟು ಮುಗಿದಿತ್ತು, ಗಾಡಿ ಕೆರೆ ಏರಿಯಲ್ಲಿ ಸಾಲು ನಿಂತಿತ್ತು. ಉಸಿರು ಎಳೆದುಕೊಂಡು ಬಾಯಿ ತೆರೆದೆ.

"ಆಗುತ್ತೆ, ಕಳಿಸ್ತೀನಿ" ಎಂದೆ.